ಬೆನ್ನಿಗೆ ಮಣ್ಣು ಹತ್ತಿದ ಗೆಳೆಯನಿಗೆ

ಗದಗ

ಪ್ರೀತಿಯ ಬಸೂ,

ಶೂಟಿಂಗ್‌ನಲ್ಲಿ ಮೊಣಕಾಲು ಉಳುಕಿದ್ದನ್ನು ನಿನ್ನ ತಮ್ಮ ಹೇಳಿದ. ನೀನು ಫೋನಿನಲ್ಲಿ ಆ ಸುದ್ದಿಯನ್ನೇ ಎತ್ತಲಿಲ್ಲ. ‘48 ಆಯ್ತು, ಇನ್ನು ಈ ಫೈಟರನ್ನ ಯಾರು ಕರೀತಾರೋ’ ಅಂದು ಫೋನ್ ಇಟ್ಟೆ. ಅದಕ್ಕೇ ಈ ಕಾಗದ.

ಗರಡಿಗೆ ಸೇರಿದ ಹೊಸದರಲ್ಲಿ ಉಸ್ತಾದರು ನಮಗೆ ಒಂದು ಪಟ್ಟನ್ನೂ ಹೇಳಿಕೊಡಲಿಲ್ಲ, ನೆನಪಿದೆಯಾ? ಬೆಳಗಿನ ಐದಕ್ಕೆ ಸಲಿಕೆ ಹಿಡಿದು ಕೆಂಪು ಮಣ್ಣು ಅಗೆಯೋದು, ಆಮೇಲೆ ಸುಮ್ನೆ ಬೀಳೋದು. ಗದ್ದ ಎದೆಗೆ ಒತ್ತಿ, ಉಸಿರು ಬಿಟ್ಟು, ಭುಜ ಕೊಟ್ಟು ಬೀಳೋದು. ನನಗೆ ಬೇಜಾರು, ನಿನಗೆ ಖುಷಿ. ಗರಡಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿದರೆ ಸೋತ ಹಾಗೆ. ಸಿನಿಮಾದಲ್ಲಿ ನಿನಗೆ ಅದಕ್ಕೇ ಪಗಾರ! ಎಂಥಾ ತಮಾಷೆ, ಅಲ್ವಾ?

ಮೊನ್ನೆ ಆ ಗರಡಿ ಕಡೆ ಹೋಗಿದ್ದೆ. ಗೋಡೆಯ ಮೇಲೆ ಹಣಮಪ್ಪ ದೇವರ ಫೋಟೋ, ಪಕ್ಕದಲ್ಲಿ ದಾರಾ ಸಿಂಗ್ ಫೋಟೋ, ಇನ್ನೂ ಹಾಗೇ ಇವೆ. ಇಬ್ಬರ ಮೇಲೂ ಒಂದೇ ಧೂಳು.

ದಾರಾ ಸಿಂಗ್ ಅಂದರೆ ನಮ್ಮಪ್ಪನಿಗೆ ಪ್ರಾಣ. ಆತನ ಸ್ಟಂಟ್ ಪಿಚ್ಚರ್ ನೋಡೋಕೆ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದರಂತೆ. ಪಂಜಾಬಿನ ಧರ್ಮೂಚಕ್ ಎಂಬ ಹಳ್ಳಿಯ ಹುಡುಗ, ಹುಟ್ಟಿದ್ದು 1928ರಲ್ಲಿ. ಸಿಂಗಾಪುರಕ್ಕೆ ದುಡಿಯೋಕೆ ಹೋಗಿ ಅಲ್ಲೇ ಪೈಲ್ವಾನನಾದ. 1959ರಲ್ಲಿ ಕಲ್ಕತ್ತದಲ್ಲಿ ಜಾರ್ಜ್ ಗೋರ್ಡಿಯೆಂಕೋನನ್ನು ಮಣಿಸಿ ಕಾಮನ್‌ವೆಲ್ತ್ ಚಾಂಪಿಯನ್ ಆದ. 1962ರಲ್ಲಿ ‘ಕಿಂಗ್ ಕಾಂಗ್’ ಚಿತ್ರದ ನಾಯಕ. ನಟನೆ ಬಗ್ಗೆ ನಗುವವರು ಆಗಲೂ ಇದ್ದರು. ನನಗೂ ಆತ ದೊಡ್ಡ ನಟ ಅಂತ ಅನಿಸೋದಿಲ್ಲ, ಅಪ್ಪನ ಎದುರಿಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಆದರೆ ಆತ ಎದುರಾಳಿಯನ್ನು ಎತ್ತಿದರೆ ನಿಜವಾದ ಭಾರ ಎತ್ತಿದ ಹಾಗೆ ಕಾಣುತ್ತದೆ. ಕಾಲು ಊರುವ ರೀತಿಯಲ್ಲೇ ಗರಡಿ ಗೊತ್ತಾಗುತ್ತದೆ. ಅದು ನಟನಾ ಶಾಲೆಯಲ್ಲಿ ಬರೋದಲ್ಲ.

ಹೇಳಬೇಕಿದ್ದದ್ದು ಬೇರೆ. ಆತ 1983ರಲ್ಲಿ ಕುಸ್ತಿ ಬಿಟ್ಟ. 1987ರ ಜನವರಿಯಲ್ಲಿ ಟೀವಿಯಲ್ಲಿ ‘ರಾಮಾಯಣ’ ಶುರುವಾದಾಗ ಆತನಿಗೆ 58 ವರ್ಷ. ಭಾನುವಾರ ಬೆಳಿಗ್ಗೆ ನಮ್ಮ ಓಣಿಯಲ್ಲಿ ಟೀವಿ ಇದ್ದ ಒಂದೇ ಮನೆಯ ಪಡಸಾಲೆಯಲ್ಲಿ ನಾವಿಬ್ಬರೂ ಹಿರಿಯರ ಕಾಲಡಿ ತೂರಿ ಕೂತಿದ್ದೆವು. ಹನುಮಂತನಾಗಿ ಆತ ಬಂದಾಗ ನಿಮ್ಮಜ್ಜಿ ಟೀವಿಗೆ ಕಾಯಿ ಒಡೆಯಲು ಎದ್ದೇ ಬಿಟ್ಟಿದ್ದಳು! ಆ ವೇಷದಲ್ಲಿ ಮುಖದ ಅರ್ಧ ಮುಚ್ಚಿಹೋಗಿತ್ತು. ಉಳಿದದ್ದು ಕಣ್ಣು, ಎದೆ, ತೋಳು ಮತ್ತು ನಿಲ್ಲುವ ಠೀವಿ. ಪ್ರತಿ ಗರಡಿಯ ಗೋಡೆಯಲ್ಲಿ ಯಾರಿಗೆ ಕೈ ಮುಗಿದು ಮಣ್ಣಿಗಿಳಿಯುತ್ತಿದ್ದನೋ, ಕುಸ್ತಿ ಬಿಟ್ಟ ಮೇಲೆ ಅವನದೇ ವೇಷದಲ್ಲಿ ಟೀವಿಗೆ ಬಂದ. 58ಕ್ಕೆ, ಲೇ. ನಿನಗಿಂತ ಹತ್ತು ವರ್ಷ ಜಾಸ್ತಿ.

ಕಾಲು ವಾಸಿಯಾದ ಮೇಲೆ ಬಾ. ನಮ್ಮ ಗರಡಿಯಲ್ಲಿ ಈಗ ಎಂಟು ಹುಡುಗರಿದ್ದಾರೆ. ಎಲ್ಲರಿಗೂ ಮೊದಲ ದಿನವೇ ಡಾವು-ಪಟ್ಟು ಬೇಕು, ಬೀಳೋದು ಯಾರಿಗೂ ಬೇಡ. ಒಂದು ವಾರ ನೀನು ಬಿದ್ದು ತೋರಿಸು. ಪಗಾರ ಇಲ್ಲ. ಗಿರಮಿಟ್ಟು, ಮಿರ್ಚಿ ಭಜಿ ನನ್ನ ಲೆಕ್ಕ.

ಮೊಣಕಾಲಿಗೆ ಬೆಲ್ಟ್ ಕಟ್ಟಿಕೊಂಡೇ ಬಸ್ ಹತ್ತು.

ನಿನ್ನ,
ಈರಣ್ಣ