ಬೀಗರೇ ಅನ್ನುವ ಮಾತು

ಪ್ರೀತಿಯ ಸುಮಾ,

ನಿನ್ನ ಚಿತ್ರಕಥೆಯನ್ನು ಎರಡು ಸಲ ಓದಿದೆ. ದಲಾಲಿ ಅಂಗಡಿ ಸಾಹುಕಾರರ ಮಗ, ಅದೇ ಅಂಗಡಿಯ ಹಮಾಲರ ಮಗಳು, ಇಬ್ಬರ ಪ್ರೀತಿ, ಎರಡು ಮನೆಯ ಸಂಕಟ. ಕತೆ ಹಳೆಯದಾಯ್ತು ಅಂತ ಹೆದರಬೇಡ. ದಾವಣಗೆರೆಯಲ್ಲಿ ಅದು ಹೇಗೆ ನಡೆಯುತ್ತದೆ ಅಂತ ಸರಿಯಾಗಿ ತೋರಿಸಿದರೆ ಸಾಕು, ಹೊಸದಾಗುತ್ತದೆ.

ನನಗೆ ಒಪ್ಪಿಗೆಯಾಗದೆ ಉಳಿದದ್ದು ನಿನ್ನ ಸಾಹುಕಾರ. ಬಂದ ಕೂಡಲೇ ಕೂಗಾಡುತ್ತಾನೆ, ಇಂಟರ್ವಲ್‌ಗೆ ಮುಂಚೆ ಹುಡುಗಿಯ ಅಪ್ಪನ ಕಪಾಳಕ್ಕೆ ಹೊಡೆಯುತ್ತಾನೆ. ಇಂಥವನನ್ನು ದ್ವೇಷಿಸುವುದು ಸುಲಭ, ಅಲ್ವಾ? ಎಪಿಎಂಸಿ ಯಾರ್ಡಿಗೆ ಹೋಗಿ ನಾಲ್ಕು ದಿನ ಸುಮ್ನೆ ಕೂತು ನೋಡು. ಹಮಾಲಿ ಕೂಲಿ ಚೀಲದ ಲೆಕ್ಕ. ಮೈ ಹುಷಾರಿಲ್ಲದ ದಿನ ಕೂಲಿ ಇಲ್ಲ. ಕೈಗಡ ಶುರುವಾಗುವುದೇ ಅಲ್ಲಿಂದ. ಹೆಂಡತಿಯ ಆಪರೇಷನ್ನಿಗೆ, ಮಗಳ ಕಾಲೇಜು ಫೀಸಿಗೆ ಸಾಹುಕಾರರೇ ದುಡ್ಡು ಕೊಡುತ್ತಾರೆ. ಕೊಡುವಾಗ ಅವರ ಮನಸ್ಸಲ್ಲಿ ನಿಜವಾದ ಕನಿಕರ ಇರುತ್ತದೆ. ಅದೇ ದುಡ್ಡು ಸಂಜೆ ಪುಸ್ತಕದಲ್ಲಿ ಸಾಲ ಅಂತ ಬರೆದಿರುತ್ತದೆ. ಹೊಡೆದವನ ಎದುರು ಸಿಟ್ಟಿನಿಂದಲಾದರೂ ನಿಲ್ಲಬಹುದು. ಕಷ್ಟಕ್ಕೆ ಆದವನ ಎದುರು ನಿಂತು ‘ನಿಮ್ಮ ಮಗನಿಗೆ ನನ್ನ ಮಗಳನ್ನು ತಂದುಕೊಳ್ಳಿ’ ಅಂತ ಹೇಗೆ ಕೇಳುವುದು? ನಿನ್ನ ಸಾಹುಕಾರನನ್ನು ಒಳ್ಳೆಯ ಮನುಷ್ಯನನ್ನಾಗಿ ಬರಿ.

ಇನ್ನು ಮಾತಿನ ವಿಷಯ. ಈ ಪತ್ರಕ್ಕೆ ಕೂತದ್ದೇ ಅದಕ್ಕಾಗಿ. ನಿನ್ನ ಚಿತ್ರಕಥೆಯಲ್ಲಿ ಎಲ್ಲರೂ ಎಲ್ಲರಿಗೂ ‘ನೀವು’ ಅನ್ನುತ್ತಾರೆ. ಮೇಲು ಕೀಳು ತೋರಿಸಲು ನೀನು ಬಂಗಲೆ, ಕಾರು, ಸೋರುವ ಮನೆ ಎಲ್ಲ ಇಟ್ಟಿದ್ದೀಯ. ಕನ್ನಡಕ್ಕೆ ಅಷ್ಟು ಖರ್ಚು ಬೇಕಿಲ್ಲ. ‘ಬಾ’, ‘ಬರ್ರಿ’ ಎರಡೇ ಸಾಕು.

ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಮ್ಮೆಯಿಂದ ಕರೆಯುತ್ತಿದ್ದ ಕಾಲ ಅದು. ಮಿಲ್ ಮುಚ್ಚಿತು. ಅಪ್ಪ ಒಂದು ಮಂಡಿಯಲ್ಲಿ ಗುಮಾಸ್ತರಾದರು. ಆಗ ಅವರಿಗೆ 52 ವರ್ಷ. ಒಂದು ಮಧ್ಯಾಹ್ನ ಬುತ್ತಿ ಕೊಡಲು ಹೋಗಿದ್ದೆ. ಗಾದಿ ಮೇಲೆ ಸಾಹುಕಾರರ ಮಗ ಕೂತಿದ್ದ, ನನ್ನದೇ ವಯಸ್ಸಿನ ಹೈಸ್ಕೂಲು ಹುಡುಗ. ‘ಏ, ಆ ಚೀಟಿ ಕೊಡು ಇಲ್ಲಿ’ ಅಂದ. ಅಪ್ಪ ಎದ್ದು ಹೋಗಿ ಕೊಟ್ಟರು. ತಿರುಗಿದಾಗ ಬಾಗಿಲಲ್ಲಿ ನಾನು. ಅಪ್ಪ ನನ್ನ ಮುಖ ನೋಡಲಿಲ್ಲ, ಬುತ್ತಿ ಮಾತ್ರ ತಗೊಂಡರು. ಆ ಹುಡುಗ ಕೆಟ್ಟವನೇನಲ್ಲ. ಅವನ ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು, ಅವನೂ ಕರೆದ. ಇಷ್ಟು ವರ್ಷವಾದರೂ ಆ ‘ಕೊಡು’ ನನ್ನ ಕಿವಿಯಲ್ಲಿದೆ.

ನನ್ನ ಅವ್ವನೂ ನನಗೆ ‘ಕೊಡು’ ಅಂತಲೇ ಅನ್ನುತ್ತಿದ್ದಳು. ನಾನೂ ನಿನಗೆ ‘ನೀನು’ ಅಂತ ಬರೆಯುತ್ತಿದ್ದೇನೆ. ಸಲಿಗೆಗೂ ದರ್ಪಕ್ಕೂ ನಮ್ಮಲ್ಲಿ ಒಂದೇ ಪದ. ನಿನ್ನ ಸಿನಿಮಾ ಇರುವುದು ಆ ಪದದಲ್ಲಿ.

ಹುಡುಗಿ ಚಿಕ್ಕಂದಿನಿಂದ ಅವನಿಗೆ ‘ಸಣ್ಣ ಸಾಹುಕಾರ್ರೇ’ ಅನ್ನುತ್ತಾ ಬಂದಿರಲಿ. ಮೊದಲ ಸಲ ‘ನೀನು’ ಅನ್ನುವುದೇ ಅವಳು ಪ್ರೀತಿ ಹೇಳುವ ದೃಶ್ಯವಾಗಲಿ. ಜಾಗ ಬೇಕಾ? ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟ್ ಇತ್ತಲ್ಲ, ಅಂಥ ಒಂದು ಗೇಟ್. ಹಳಿಯ ಒಂದು ಕಡೆ ಹಳೇ ಊರು, ಇನ್ನೊಂದು ಕಡೆ ಉಳ್ಳವರ ಬಡಾವಣೆಗಳು, ಪಿ.ಜೆ. ಬಡಾವಣೆ, ಎಂಸಿಸಿ ಬ್ಲಾಕ್, ವಿದ್ಯಾನಗರ. ಗೇಟ್ ಹಾಕಿದರೆ ಕಾರಿನವರೂ ಕಾಯಬೇಕು, ಮಂಡಕ್ಕಿ ಚೀಲ ಹೇರಿದ ಲಗೇಜ್ ಆಟೋನೂ ಕಾಯಬೇಕು. ಅಲ್ಲಿ ಹಾಡು ಹಾಕಬೇಡ. ರೈಲಿನ ಸದ್ದು ಇರಲಿ.

ಆಮೇಲೆ, ಅವಳು ‘ನೀನು’ ಅಂದ ಮಾರನೇ ದಿನವೇ, ಅದೇ ಹುಡುಗ ಅಂಗಡಿಯಲ್ಲಿ ಅವಳ ಅಪ್ಪನನ್ನು ‘ಏ ಹನುಮಂತಾ, ಬಾರೋ’ ಅಂತ ಕರೆಯುತ್ತಾನೆ. ಬಾಯಿಗೆ ರೂಢಿಯಾದ ಮಾತು, ಅವನಿಗೆ ಗೊತ್ತೇ ಆಗುವುದಿಲ್ಲ. ಅವಳು ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಸುಮಾ, ನಿನ್ನ ಇಂಟರ್ವಲ್ ಇದು. ಕಪಾಳಕ್ಕೆ ಹೊಡೆಯುವ ದೃಶ್ಯ ತೆಗೆದುಬಿಡು.

ಜಾತಿಯ ಹೆಸರನ್ನು ನೀನು ಎಲ್ಲೂ ಎತ್ತಿಲ್ಲ. ಭಯ ಅರ್ಥವಾಗುತ್ತದೆ. ಆದರೆ ನಮ್ಮ ಊರುಗಳಲ್ಲಿ ಬಡತನ ಸಿರಿತನ ಜಾತಿಯ ಕೈ ಹಿಡಿದೇ ಓಡಾಡುತ್ತವೆ. ಭಾಷಣ ಬೇಡ. ಸಾಹುಕಾರರ ಮನೆಯಲ್ಲಿ ಹನುಮಂತಪ್ಪ ಎಲ್ಲಿಯವರೆಗೆ ಒಳಗೆ ಬರುತ್ತಾನೆ, ಟೀ ಯಾವ ಲೋಟದಲ್ಲಿ ಕುಡಿಯುತ್ತಾನೆ, ಅಷ್ಟು ತೋರಿಸು.

ಹುಡುಗಿಯ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾಳೆ ಅಂತ ಒಂದೇ ಸಾಲು ಬರೆದಿದ್ದೀಯ. ಭಟ್ಟಿಗೆ ಹೋಗು. ಹೊಟ್ಟಿನ ಉರಿ, ಕಾದ ಮರಳು, ಅದಕ್ಕೆ ಬಿದ್ದ ಅಕ್ಕಿ ಕಣ್ಣೆದುರೇ ಅರಳುವುದು, ಆ ಶಾಖಕ್ಕೆ ಮುಖ ಒಡ್ಡಿ ನಿಂತ ಹೆಂಗಸರು. ಇಡೀ ಊರು ಸಂಜೆ ಮೆಣಸಿನಕಾಯಿ ಜೊತೆ ತಿನ್ನುವ ಮಂಡಕ್ಕಿ ಅದು. ಆ ತಾಯಿ ತನ್ನ ಕೈಯನ್ನು ಸೆರಗಿನಲ್ಲಿ ಯಾಕೆ ಮುಚ್ಚಿಕೊಳ್ಳುತ್ತಾಳೆ ಅಂತ ನೀನು ಕಣ್ಣಾರೆ ನೋಡಿ ಬರೆಯಬೇಕು.

ಕೊನೆಗೆ ನೀನು ರಿಜಿಸ್ಟರ್ ಮದುವೆ ಮಾಡಿಸಿ ಎಲ್ಲರನ್ನೂ ಅಪ್ಪಿಕೊಳ್ಳುವಂತೆ ಮಾಡಿದ್ದೀಯ. ಮದುವೆ ಇರಲಿ. ಅಪ್ಪಿಕೊಳ್ಳುವುದು ಬೇಡ. ಮಾರನೇ ಬೆಳಿಗ್ಗೆ ಹನುಮಂತಪ್ಪ ಅಂಗಡಿ ಬಾಗಿಲಿಗೆ ಬರುತ್ತಾನೆ. ಗಾದಿ ಮೇಲೆ ಸಾಹುಕಾರರು. ಮೂವತ್ತು ವರ್ಷದಿಂದ ‘ಬಾರೋ’ ಅಂದ ಬಾಯಿ. ಈಗ ಅವನು ಬೀಗ. ‘ಬಾ’ ಅಂದು ಅಲ್ಲೇ ತಡೆಯುತ್ತಾರೆ. ಚೀಲ ಹೊತ್ತವರು, ಗುಮಾಸ್ತರು, ಮಗ, ಎಲ್ಲರೂ ಆ ಬಾಯನ್ನೇ ನೋಡುತ್ತಿದ್ದಾರೆ. ‘ಬರ್ರಿ’ ಅಂತ ಬರುತ್ತದಾ? ಅದರ ಹಿಂದೆ ‘ಬೀಗ್ರೇ’ ಅಂತ ಬರುತ್ತದಾ? ಅದನ್ನು ನೀನೇ ಕಂಡುಕೊಳ್ಳಬೇಕು, ನನ್ನನ್ನು ಕೇಳಬೇಡ.

ತಿದ್ದಿದ ಮೇಲೆ ಪ್ರತಿ ತಗೊಂಡು ಮನೆಗೆ ಬಾ. ಹನುಮಂತಪ್ಪನ ಮಾತುಗಳನ್ನು ನಾನು ಗಟ್ಟಿಯಾಗಿ ಓದುತ್ತೇನೆ.

ನಿನ್ನ ಮೇಷ್ಟ್ರು