ಅಕ್ಷರಕ್ಕಿಂತ ಮುಂಚೆ ಕಿವಿಗೆ ಕಾಲು ಗಂಟೆ ಕೊಡಿ: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ನಾಲ್ಕೈದು ವರ್ಷದ ಮಕ್ಕಳಿಗೆ ಕಲಿಸುವ ಶಿಕ್ಷಕಿ. ಈಚೆಗೆ ನಮ್ಮ ತರಗತಿ ನೋಡಲು ಬಂದ ಅಧಿಕಾರಿಯೊಬ್ಬರು, ಮಕ್ಕಳೆಲ್ಲ ಕಣ್ಣು ಮುಚ್ಚಿ ಕೂತಿದ್ದನ್ನು ಕಂಡು "ಪಾಠ ಯಾವಾಗ ಶುರು?" ಎಂದು ಕೇಳಿದರು. ಪಾಠ ಆಗಲೇ ನಡೆಯುತ್ತಿತ್ತು.

ಆಟ ಇಷ್ಟೇ. ನಾನು ಪರದೆಯ ಹಿಂದೆ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸುತ್ತೇನೆ, ಕಾಗದ ಹರಿಯುತ್ತೇನೆ, ಲೋಟಕ್ಕೆ ನೀರು ಸುರಿಯುತ್ತೇನೆ. ಏನು ಸದ್ದು ಅಂತ ಮಕ್ಕಳು ಹೇಳಬೇಕು. ಆಮೇಲೆ ಒಂದರ ಹಿಂದೆ ಒಂದು ಎರಡು ಸದ್ದು. ಮೊದಲು ಬಂದದ್ದು ಯಾವುದು? ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ. ಕೆಲವು ವಾರ ಕಳೆದ ಮೇಲೆ ಮಾತಿನ ಸದ್ದಿಗೆ ಬರುತ್ತೇವೆ. ಬಾ-ಗಿ-ಲು, ಮೂರು ಚಪ್ಪಾಳೆ. ಮರ, ಕಲ್ಲು, ಮಳೆ: ಬೇರೆ ಸದ್ದಿನಿಂದ ಶುರುವಾಗುವುದು ಯಾವುದು? "ಕಲ್ಲು!" ಎಂದು ಕೂಗುವ ಮಗುವಿಗೆ ಒಂದಕ್ಷರವೂ ಬರೆಯಲು ಬರುವುದಿಲ್ಲ. ಆದರೆ ಮಾತನ್ನು ಬಿಡಿಸಿ ನೋಡಬಹುದು ಅನ್ನುವುದು ಅದಕ್ಕೆ ಹೊಳೆದಿದೆ. ಅಕ್ಷರ ಅಂದರೆ ಸದ್ದಿಗೆ ಇಟ್ಟ ಗುರುತು ಅಲ್ವಾ? ಸದ್ದೇ ಬೇರೆ ಬೇರೆಯಾಗಿ ಕೇಳಿಸದಿದ್ದರೆ, ಮಗು ಸುಮ್ನೆ ಗೆರೆ ತಿದ್ದುತ್ತಾ ಕೂರುತ್ತದೆ.

ಡೆನ್ಮಾರ್ಕ್‌ನ ಬೋರ್ನ್‌ಹೋಮ್ ದ್ವೀಪದಲ್ಲಿ, ಇನ್ನೂ ಓದಲು ಕಲಿಯದ ಮಕ್ಕಳಿಗೆ ಸುಮಾರು 8 ತಿಂಗಳು ದಿನವೂ ಇಂಥ ಆಟ ಆಡಿಸಿದರು. ಅಕ್ಷರ ಕಲಿಸಲಿಲ್ಲ. ಮುಂದೆ ಶಾಲೆಯಲ್ಲಿ ಅವರು ಓದುವುದರಲ್ಲೂ ಪದಗಳನ್ನು ತಪ್ಪಿಲ್ಲದೆ ಬರೆಯುವುದರಲ್ಲೂ ಉಳಿದವರಿಗಿಂತ ಮುಂದಿದ್ದರು ಎಂದು 1988ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ.

ಇನ್ನೊಂದು ಲಾಭವಿದೆ. ಪ್ರತಿ ಆಟದಲ್ಲೂ ತಪ್ಪು ಹೇಳುತ್ತಿದ್ದ ಹುಡುಗನೊಬ್ಬನಿಗೆ ಗಮನವೇ ಇಲ್ಲ ಎಂದುಕೊಂಡಿದ್ದೆ. ವೈದ್ಯರು ನೋಡಿದಾಗ ಅವನ ಕಿವಿ ತಮಟೆಯ ಹಿಂದೆ ದ್ರವ ತುಂಬಿ, ಸದ್ದು ಸರಿಯಾಗಿ ಕೇಳಿಸುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಇದು ಸಾಮಾನ್ಯ. ನೋವೂ ಇರುವುದಿಲ್ಲ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. ಆ ಹುಡುಗನನ್ನು ಎಷ್ಟು ಸಲ ಗದರಿದ್ದೆನೋ, ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ಎಳೆಯ ಮಕ್ಕಳ ವೇಳಾಪಟ್ಟಿಯಲ್ಲಿ ದಿನಕ್ಕೆ 15 ನಿಮಿಷ ಕೇಳುವ ಆಟಕ್ಕೆ ಇಡಿ. ಇದಕ್ಕೆ ದುಬಾರಿ ಸಾಮಾನು ಬೇಡ, ಬೇಕಾದದ್ದು ಸದ್ದಿಲ್ಲದ ಕೋಣೆ. ಪಾಠ ನಡೆಯುವಾಗ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ನಮ್ಮ ಕೋಣೆಗಳಲ್ಲಿ ಸದ್ದು ಅದಕ್ಕಿಂತ ತುಂಬಾ ಜಾಸ್ತಿ. ಹೊಸ ಕಟ್ಟಡಗಳ ನಕ್ಷೆಗೆ ಒಪ್ಪಿಗೆ ಕೊಡುವಾಗ ಇದನ್ನೂ ನೋಡಿ. ಮತ್ತೆ, ದಯವಿಟ್ಟು ಈ ಆಟಕ್ಕೆ ಅಂಕ ಇಡಬೇಡಿ. ಅಂಕ ಬಂದ ದಿನ ಮಕ್ಕಳು ಕೇಳುವುದು ಬಿಟ್ಟು ನಮ್ಮ ಮುಖ ನೋಡಿ ಉತ್ತರ ಹುಡುಕುತ್ತಾರೆ.

ಮುಂದಿನ ವರ್ಷದ ವೇಳಾಪಟ್ಟಿ ಅಂತಿಮವಾಗುವ ಮುಂಚೆ ನಿಮ್ಮ ಉತ್ತರ ಬರಲಿ ಎಂದು ಕಾಯುತ್ತೇನೆ.

ಇತಿ,
ಪುಟ್ಟ ಮಕ್ಕಳ ಒಬ್ಬ ಶಿಕ್ಷಕಿ