ಪ್ಯಾರಾಮೌಂಟ್ ಚಿತ್ರಮಂದಿರದ ನೆನಪನ್ನು ಉಳಿಸಿ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಮುಂದೆ ಪರಿಮಳಾ ಎಂದು ಹೆಸರಾದ ಆ ಮಂದಿರ ಇಂದು ಇಲ್ಲ. ಆ ಚಿತ್ರದ ಪ್ರತಿಯೂ ನಮಗೆ ಉಳಿದಿಲ್ಲ.

ವೈ.ವಿ. ರಾವ್ ನಿರ್ದೇಶಿಸಿದ, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಸಂಭಾಷಣೆ ಮತ್ತು ಹಾಡುಗಳನ್ನು ಬರೆದ, ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಮತ್ತು ತ್ರಿಪುರಾಂಬ ಅಭಿನಯಿಸಿದ ಈ ಚಿತ್ರವನ್ನು ಕೊಲ್ಹಾಪುರದ ಸ್ಟುಡಿಯೊದಲ್ಲಿ ಚಿತ್ರೀಕರಿಸಲಾಗಿತ್ತು. ಹೀಗಾಗಿ, ತೆರೆಯ ಮೇಲೆ ಕನ್ನಡ ಮಾತನ್ನು ಜನ ಮೊದಲು ಕೇಳಿದ ನೆಲ ಯಾವುದೆಂದು ನಾಳಿನ ಪೀಳಿಗೆ ಕೇಳಿದರೆ, ನಾವು ಬೆರಳಿಟ್ಟು ತೋರಿಸಬಹುದಾದದ್ದು ಮಾರುಕಟ್ಟೆಯ ಆ ಒಂದು ಜಾಗವನ್ನು ಮಾತ್ರ. ಅಲ್ಲಿ ಚಿತ್ರದ ಹೆಸರು, ತಾರೀಖು ಮತ್ತು ಕಲಾವಿದರ ಹೆಸರುಗಳಿರುವ ಕಲ್ಲಿನ ಫಲಕವೊಂದನ್ನು, ಓಡಾಡುವವರ ಕಣ್ಣಿಗೆ ಬೀಳುವಂತೆ ಸರ್ಕಾರ ಸ್ಥಾಪಿಸಬೇಕೆಂಬುದು ನನ್ನ ಮೊದಲ ಕೋರಿಕೆ.

ಎರಡನೆಯದು ಇನ್ನೂ ತುರ್ತಿನದು. ಗಾಂಧಿನಗರದ ಕಪಾಲಿ, ಕೆಂಪೇಗೌಡ ರಸ್ತೆಯ ಸಾಗರ್, ಮೈಸೂರಿನ ಶಾಂತಲಾ ಹೀಗೆ ಒಂದೊಂದಾಗಿ ಬಾಗಿಲು ಮುಚ್ಚಿವೆ. ನಷ್ಟದಲ್ಲಿ ನಡೆಸಿರೆಂದು ಯಾವ ಮಾಲೀಕರಿಗೂ ಹೇಳಲಾಗದು. ಎಲ್ಲ ಕಟ್ಟಡಗಳನ್ನೂ ಉಳಿಸಿಕೊಳ್ಳುವುದು ಸಾಧ್ಯವೆಂದೂ ನಾನು ವಾದಿಸುವುದಿಲ್ಲ. ಆದರೆ ಕಟ್ಟಡದೊಂದಿಗೆ ಅದರ ದಾಖಲೆಯೂ ಗುಜರಿಗೆ ಹೋಗಬೇಕಿಲ್ಲ. ಯಾವ ಚಿತ್ರ ಎಷ್ಟು ವಾರ ಓಡಿತು, ಗಾಂಧಿ ಕ್ಲಾಸು ಮತ್ತು ಬಾಲ್ಕನಿಯಲ್ಲಿ ಎಷ್ಟು ಟಿಕೆಟ್ ಹೋಯಿತು ಎಂಬುದನ್ನು ಹೇಳುವ ದಿನದ ಗಳಿಕೆಯ ಪುಸ್ತಕಗಳು, ಪೋಸ್ಟರುಗಳು, ಹಾಡಿನ ಪುಸ್ತಕಗಳು, ಕಾರ್ಬನ್ ಕಡ್ಡಿ ಉರಿಸಿ ರೀಲು ಓಡಿಸಿದ ಹಳೆಯ ಪ್ರೊಜೆಕ್ಟರುಗಳು, ಅವನ್ನು ನಡೆಸಿದ ಆಪರೇಟರುಗಳ ನೆನಪುಗಳು, ಇವೆಲ್ಲ ಚಿತ್ರದ ಪ್ರತಿಯಷ್ಟೇ ಬೆಲೆಯುಳ್ಳವು. ಪ್ರತಿಯೇ ಇಲ್ಲದ ಚಿತ್ರಗಳಿಗಂತೂ ಇವೇ ಆಧಾರ.

ಚಿತ್ರಮಂದಿರಗಳ ಪರವಾನಗಿ 1964ರ ಕರ್ನಾಟಕ ಸಿನಿಮಾ (ನಿಯಂತ್ರಣ) ಕಾಯ್ದೆಗೆ ಒಳಪಟ್ಟಿದೆ. ಪರವಾನಗಿಯನ್ನು ಹಿಂದಿರುಗಿಸುವಾಗ ಅಥವಾ ಕಟ್ಟಡ ಕೆಡವಲು ಅನುಮತಿ ಕೇಳುವಾಗ, ಒಳಗಿನ ಛಾಯಾಚಿತ್ರ, ನಕ್ಷೆ ಮತ್ತು ಈ ದಾಖಲೆಗಳ ಪ್ರತಿಯನ್ನು ಸರ್ಕಾರದ ಖರ್ಚಿನಲ್ಲಿ ಪಡೆದುಕೊಳ್ಳುವ ನಿಯಮವೊಂದನ್ನು ತರಬೇಕು. ತಮ್ಮ ಇಲಾಖೆಯು ಚಲನಚಿತ್ರ ಅಕಾಡೆಮಿಯೊಂದಿಗೆ ಸೇರಿ ಈ ಕೆಲಸವನ್ನು, ಇನ್ನೂ ಪ್ರದರ್ಶನ ನಡೆಸುತ್ತಿರುವ ಹಳೆಯ ಮಂದಿರಗಳಿಂದಲೇ ಆರಂಭಿಸಲಿ. ಮುಂದಿನ ಮಾರ್ಚ್ 3ರೊಳಗೆ ಫಲಕದ ಬಗ್ಗೆಯಾದರೂ ತಮ್ಮ ನಿರ್ಧಾರವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಚಿತ್ರರಸಿಕ